ಕ್ಯೂರಿಂಗ್ ವರ್ಕ್ಸ್‌ನಲ್ಲಿ ಐದು ದಿನದ ಕೈಜೆನ್: ಮಾಡಬೇಕೇ, ಯಾವಾಗ, ಯಾರ ಜೊತೆ?

ಪ್ರಶ್ನೆ: ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ, ಒಣಗಿದ ಕಾಫಿ ಹಣ್ಣು ಸುಲಿದು ಬೀಜ ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಸೂಪರ್‌ವೈಸರ್ ಆಗಿದ್ದೇನೆ. ರೋಬಸ್ಟಾ ಸೀಸನ್‌ನಲ್ಲಿ ದಿನಕ್ಕೆ ಸುಮಾರು 30 ಗಾಡಿ ಬರುತ್ತವೆ. ಗೇಟು ತೆರೆದಿರುವುದು ಹತ್ತು ಗಂಟೆ. ಯಾವಾಗ ನೋಡಿದರೂ ಅಂಗಳದಲ್ಲಿ ಹನ್ನೆರಡು ಗಾಡಿ ನಿಂತಿರುತ್ತವೆ, ಬೆಳೆಗಾರರು, ಡ್ರೈವರ್‌ಗಳು ನನ್ನ ಮೇಲೆ ರೇಗುತ್ತಾರೆ. ಮಾಲೀಕರ ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾರೆ. ಅಕ್ಟೋಬರ್‌ನಲ್ಲಿ ಐದು ದಿನ ಮಿಲ್ ನಿಲ್ಲಿಸಿ, ಹೊರಗಿನ ಸಲಹೆಗಾರರನ್ನು ಕರೆಸಿ ಕೆಲಸದ ರೀತಿ ಸುಧಾರಿಸುವ 'ಕೈಜೆನ್ ಕಾರ್ಯಾಗಾರ' ಮಾಡಿಸೋಣ ಅನ್ನುತ್ತಿದ್ದಾರೆ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಆಗಿತ್ತು. ನೆಲಕ್ಕೆ ಹಳದಿ ಗೆರೆ ಎಳೆದರು, ಬೋರ್ಡು ಹಾಕಿದರು, ಫೋಟೊ ತೆಗೆದು ಸ್ವೀಟು ಹಂಚಿದರು. ಎರಡೇ ತಿಂಗಳಲ್ಲಿ ಗೆರೆಯ ಮೇಲೆಯೇ ಮೂಟೆ ಪೇರಿಸಿದ್ದೆವು. ಮರುವರ್ಷ ಗಾರ್ಬ್ಲಿಂಗ್‌ನ (ಕೆಟ್ಟ ಬೀಜ ಕೈಯಲ್ಲಿ ಆರಿಸುವ) ಹೆಂಗಸರಲ್ಲಿ ಆರು ಜನರನ್ನು ಕೆಲಸಕ್ಕೆ ಕರೆಯಲಿಲ್ಲ. ಅದಕ್ಕೂ ಕಾರ್ಯಾಗಾರಕ್ಕೂ ಸಂಬಂಧವಿಲ್ಲ ಅಂದರು, ಯಾರೂ ನಂಬಲಿಲ್ಲ. ಈಗ ಹೆಸರೆತ್ತಿದರೇ ಎಲ್ಲರೂ ಎದ್ದು ಹೋಗುತ್ತಾರೆ. ಇದರಿಂದ ನಿಜವಾಗಿ ಪ್ರಯೋಜನ ಇದೆಯೇ? ನಾನು ಒಪ್ಪಬೇಕೇ, ಬೇಡ ಅನ್ನಬೇಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಕಾರ್ಯಾಗಾರದ ಬಗ್ಗೆ. ಆದರೆ ನಿಮ್ಮನ್ನು ನಿದ್ದೆಗೆಡಿಸುತ್ತಿರುವುದು ಇನ್ನೊಂದು ವಿಷಯ ಅನ್ನಿಸಿತು: ಜನರನ್ನು ಮತ್ತೆ ಕೂರಿಸಿ, ಬಾಯಿ ಬಿಡಿಸಿ, ಆಮೇಲೆ ಅವರಲ್ಲೇ ಯಾರನ್ನೋ ಮನೆಗೆ ಕಳಿಸಿದರೆ ಅದರಲ್ಲಿ ನಿಮ್ಮ ಕೈಯೂ ಇರುತ್ತದಲ್ಲ ಎಂಬುದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಜನರ ಭಯ ಸುಳ್ಳಲ್ಲ. ಕಾರ್ಖಾನೆಗಳಲ್ಲಿ ಉತ್ಪಾದನಾ ಎಂಜಿನಿಯರ್ ಆಗಿ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ಒಮ್ಮೆ ಬಿಡಿಭಾಗ ತಯಾರಿಸುವ ಒಂದು ಕಡೆ ನಾಲ್ಕು ದಿನದ ಕಾರ್ಯಾಗಾರ ನಡೆಸಿದೆವು. ಹನ್ನೊಂದು ಜನ ಮಾಡುತ್ತಿದ್ದ ಕೆಲಸವನ್ನು ಒಂಬತ್ತು ಜನ ಆರಾಮವಾಗಿ ಮಾಡುವ ಹಾಗೆ ಜಾಗ ಬದಲಾಯಿಸಿದೆವು. ಆ ಉಪಾಯ ಹೇಳಿಕೊಟ್ಟವರು ಆ ಹನ್ನೊಂದು ಜನರೇ. ಮುಂದಿನ ತಿಂಗಳು ಗುತ್ತಿಗೆಯ ಇಬ್ಬರು ಹುಡುಗರಿಗೆ ಬರಬೇಡಿ ಅಂದರು. ಮರುವರ್ಷ ಅದೇ ಹಾಲ್‌ನಲ್ಲಿ, ಅದೇ ಜನರ ಮುಂದೆ ನಿಂತು ಏನು ತೊಂದರೆ ಇದೆ ಹೇಳಿ ಅಂತ ಕೇಳಿದೆ. ಸಂಜೆಯವರೆಗೂ ಒಂದೇ ಉತ್ತರ: 'ಎಲ್ಲ ಸರಿಯಾಗಿದೆ ಸರ್.' ಆ ಇಬ್ಬರು ಹುಡುಗರ ಮುಖ ನನಗಿನ್ನೂ ನೆನಪಿದೆ. ಅಂದಿನಿಂದ ಒಂದು ಮಾತು ಮೊದಲೇ ಸಿಗದೆ ನಾನು ಯಾವ ಕಾರ್ಯಾಗಾರಕ್ಕೂ ಕೈ ಹಾಕಿಲ್ಲ.

ಆ ಮಾತು ಇದು: ಇಲ್ಲಿ ಹೊರಬರುವ ಯಾವ ಸುಧಾರಣೆಯಿಂದಲೂ ಯಾರ ಕೆಲಸವೂ ಹೋಗುವುದಿಲ್ಲ, ಯಾರ ಕೂಲಿಯೂ ಇಳಿಯುವುದಿಲ್ಲ. ಇದನ್ನು ಮಾಲೀಕರು ತಮ್ಮ ಬಾಯಿಂದಲೇ, ಎಲ್ಲರ ಎದುರು ಹೇಳಬೇಕು. ಹೇಳಿದ್ದನ್ನು ಕನ್ನಡದಲ್ಲಿ ಬರೆದು ಸಹಿ ಹಾಕಿ ಗೇಟಿನ ಹತ್ತಿರ ಅಂಟಿಸಬೇಕು. ಖಾಯಂ ನೌಕರರಿಗೆ ಮಾತ್ರ ಎಂಬ ಷರತ್ತು ಸೇರಿದರೆ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ನಿಮ್ಮಲ್ಲಿ ಭಯ ಇರುವುದೇ ಸೀಸನ್‌ಗೆ ಬರುವವರಿಗೆ. ಆ ಆರು ಹೆಂಗಸರ ವಿಷಯವನ್ನೂ ಮುಚ್ಚಿಡಬಾರದು. ಅವರನ್ನು ಯಾಕೆ ಕರೆಯಲಿಲ್ಲ, ಈ ಸಲ ಕರೆಯುತ್ತೇವೆಯೇ ಎಂದು ಮಾಲೀಕರು ಉತ್ತರ ಕೊಡಬೇಕು. ಕೊಡಲು ಅವರು ಸಿದ್ಧವಿಲ್ಲದಿದ್ದರೆ ನನ್ನ ಸಲಹೆ ಸ್ಪಷ್ಟ: ಈ ವರ್ಷ ಕಾರ್ಯಾಗಾರ ಬೇಡ ಅನ್ನಿ.

ಕೊಡುತ್ತಾರೆ ಅಂತಿಟ್ಟುಕೊಂಡು ಮುಂದೆ ಹೋಗೋಣ.

ಕೈಜೆನ್ ಎಂದರೆ ಜಪಾನಿನದು, ಅವರ ಶಿಸ್ತು ನಮ್ಮವರಿಗೆ ಬರುವುದಿಲ್ಲ ಎಂಬ ಮಾತು ನಿಮ್ಮಲ್ಲೂ ಕೇಳಿಬರುತ್ತಿರಬಹುದು. ಪದ ಜಪಾನಿನದು ನಿಜ, 'ಒಳ್ಳೆಯದಕ್ಕೆ ಬದಲಾವಣೆ' ಎಂದು ಅರ್ಥ. ಬೇರು ಮಾತ್ರ ಒಂದೇ ಕಡೆ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ದಂಡಿಯಾಗಿ ಹೊಸಬರು ಬಂದಾಗ, ಮೇಸ್ತ್ರಿಗಳಿಗೆ ಕೆಲಸ ಕಲಿಸುವ, ಕೆಲಸದ ರೀತಿ ತಿದ್ದುವ ತರಬೇತಿ ಶುರುವಾಯಿತು. ಯುದ್ಧದ ನಂತರ ಅದು ಜಪಾನಿಗೆ ಹೋಯಿತು. ಟೊಯೋಟಾದಲ್ಲಿ ತಾಯಿಚಿ ಓನೊ ಮತ್ತು ಅವರ ಜೊತೆಗಾರರು ಕಾಯುವಿಕೆ, ಅನಗತ್ಯ ಸಾಗಣೆ, ಬೇಡದ ದಾಸ್ತಾನು ಇತ್ಯಾದಿ ಏಳು ಬಗೆಯ ವ್ಯರ್ಥವನ್ನು ಗುರುತಿಸಿ ಕಡಿಮೆ ಮಾಡುವ ಪದ್ಧತಿ ಕಟ್ಟಿದರು. 1970ರ ದಶಕದಲ್ಲಿ ಟೊಯೋಟಾ ತನ್ನ ಪೂರೈಕೆದಾರರ ಜೊತೆ ಸೇರಿ, ಕೆಲಸ ನಡೆಯುವ ಜಾಗದಲ್ಲೇ ನಿಂತು ಅಧ್ಯಯನ ಮಾಡುವ ಪರಿಪಾಠ ಬೆಳೆಸಿತು. ಅದನ್ನು ಸೋಮವಾರದಿಂದ ಶುಕ್ರವಾರದ ಐದು ದಿನಕ್ಕೆ ಹೊಂದಿಸಿ ಕಟ್ಟಿಕೊಟ್ಟಿದ್ದು 1980ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ. ಇಷ್ಟನ್ನೂ ಹೇಳಿದ್ದು ಯಾಕೆಂದರೆ ಐದು ಎಂಬ ಸಂಖ್ಯೆಯಲ್ಲಿ ಪವಿತ್ರವಾದದ್ದೇನೂ ಇಲ್ಲ. ನಿಮ್ಮ ಕೆಲಸಕ್ಕೆ ಎರಡು ದಿನ ಸಾಕಾದರೆ ಎರಡೇ ದಿನ ಮಾಡಿ. ಇನ್ನು ಹತ್ತು ಮನೆಯವರು ಸೇರಿ ಒಬ್ಬರ ಗದ್ದೆಯ ನಾಟಿಯನ್ನು ಒಂದೇ ದಿನ ಮುಗಿಸುವ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ, ಕಡಿಮೆ ದಿನದಲ್ಲಿ ಒಟ್ಟಾಗಿ ಒಂದು ಕೆಲಸ ಹೊಡೆಯುವುದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಹೊಸ ಹೊಸ ಐಡಿಯಾ ಹುಟ್ಟಿಸಲು ಕಾರ್ಯಾಗಾರ ಬೇಕು ಎಂಬ ಇನ್ನೊಂದು ನಂಬಿಕೆ ನನ್ನ ಪ್ರಕಾರ ಹೆಚ್ಚು ಹಾನಿ ಮಾಡಿದೆ. ನಾನು ಕಂಡ ಜಾಗಗಳಲ್ಲೆಲ್ಲ ಐಡಿಯಾಗಳು ಮೊದಲೇ ಇದ್ದವು. ಗಾರ್ಬ್ಲಿಂಗ್ ಮೇಜಿನ ಮೇಲೆ ಬೆಳಕು ಬೆನ್ನ ಹಿಂದಿನಿಂದ ಬಂದು ಕೈಯ ನೆರಳೇ ಬೀಜದ ಮೇಲೆ ಬೀಳುತ್ತದೆ ಎಂಬುದು ಅಲ್ಲಿ ಕೂರುವ ಅಕ್ಕನಿಗೆ ಮೊದಲ ದಿನವೇ ಗೊತ್ತಿರುತ್ತದೆ. ಒಂದು ಕಡೆ ಹಾಗೆಯೇ ಇತ್ತು, ಏಳು ವರ್ಷ ಯಾರೂ ಕೇಳಿರಲಿಲ್ಲ. ದೀಪದ ಜಾಗ ಬದಲಿಸಲು ಎಲೆಕ್ಟ್ರಿಷಿಯನ್‌ಗೆ ಅರ್ಧ ಗಂಟೆ ಹಿಡಿಯಿತು. ಇಲ್ಲದಿದ್ದುದು 'ಆಗಲಿ, ಮಾಡಿ' ಎನ್ನುವ ಒಬ್ಬರು. ಕಾರ್ಯಾಗಾರದಿಂದ ಆಗುವ ದೊಡ್ಡ ಉಪಕಾರ ಇಷ್ಟೇ: ಕೆಲಸ ಗೊತ್ತಿರುವವರನ್ನೂ ಒಪ್ಪಿಗೆ ಕೊಡುವವರನ್ನೂ ಒಂದೇ ಕಡೆ, ಒಂದೇ ಹೊತ್ತಿನಲ್ಲಿ ನಿಲ್ಲಿಸುವುದು. 1980ರ ದಶಕದ ಕೊನೆಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ 'ವರ್ಕ್-ಔಟ್' ಎಂಬ ಸಭೆಗಳನ್ನು ಶುರು ಮಾಡಿದಾಗ ಇದನ್ನೇ ನಿಯಮ ಮಾಡಿತು. ನೌಕರರು ಸಲಹೆ ಮುಂದಿಟ್ಟಾಗ ಮೇಲಧಿಕಾರಿ ಅಲ್ಲೇ ಹೌದು ಅಥವಾ ಇಲ್ಲ ಅನ್ನಬೇಕು. ಇನ್ನಷ್ಟು ಮಾಹಿತಿ ಬೇಕು ಅಂದರೆ ಯಾವತ್ತು ಉತ್ತರಿಸುತ್ತೇನೆಂದು ದಿನಾಂಕ ಹೇಳಬೇಕು. ನಿಮ್ಮಲ್ಲಿ ಮಾಲೀಕರು ಮೊದಲ ದಿನ ದೀಪ ಹಚ್ಚಿ, ಕೊನೆಯ ದಿನ ಸ್ವೀಟಿಗೆ ಬರುವುದಾದರೆ ಹಳೆಯ ಕಥೆಯೇ ಮರುಕಳಿಸುತ್ತದೆ.

ಈಗ ನಿಮ್ಮ ಹನ್ನೆರಡು ಗಾಡಿಗಳ ವಿಷಯ. ಪತ್ರದಲ್ಲಿ ನೀವೇ ಕೊಟ್ಟಿರುವ ಅಂಕಿಗಳಲ್ಲಿ ಬಹಳ ವಿಷಯ ಇದೆ. ಹತ್ತು ಗಂಟೆಯಲ್ಲಿ 30 ಗಾಡಿ ಎಂದರೆ ಗಂಟೆಗೆ ಮೂರು. ಅಂಗಳದಲ್ಲಿ ಸರಾಸರಿ ಹನ್ನೆರಡು ಇದ್ದರೆ, ಹನ್ನೆರಡನ್ನು ಮೂರರಿಂದ ಭಾಗಿಸಿ: ಒಂದು ಗಾಡಿ ಒಳಗೆ ಬಂದು ಹೊರಗೆ ಹೋಗಲು ಸರಾಸರಿ ನಾಲ್ಕು ಗಂಟೆ. ಈ ಲೆಕ್ಕವನ್ನು 1961ರಲ್ಲಿ ಜಾನ್ ಲಿಟಲ್ ಎಂಬ ವಿದ್ವಾಂಸರು ಸಾಬೀತು ಮಾಡಿದರು. ಬ್ಯಾಂಕಿನ ಸರದಿಗೂ ಆಸ್ಪತ್ರೆಯ ಸರದಿಗೂ ಇದೇ ಸೂತ್ರ. ಈ ನಾಲ್ಕು ಗಂಟೆಯಲ್ಲಿ ಗಾಡಿಗೆ ನಿಜವಾಗಿ ಕೆಲಸ ಆಗುವುದು ಎಷ್ಟು ಹೊತ್ತು? ತುಂಬಿದ ತೂಕ, ಸ್ಯಾಂಪಲ್ ತೆಗೆಯುವುದು, ಮೂಟೆ ಇಳಿಸುವುದು, ಖಾಲಿ ತೂಕ, ಚೀಟಿ. ನೀವೇ ಗಡಿಯಾರ ಹಿಡಿದು ಕೂಡಿಸಿ ನೋಡಿ. ಒಂದೂವರೆ ಗಂಟೆ ದಾಟಿದರೆ ನನಗೆ ಆಶ್ಚರ್ಯ. ಉಳಿದದ್ದೆಲ್ಲ ಕಾಯುವುದು. ಲೋಡಿಂಗ್‌ನವರು ಇನ್ನೂ ಬೇಗ ಮೂಟೆ ಹೊರಲಿ ಎಂದು ಒತ್ತಾಯಿಸಿದರೆ ಅವರ ಸೊಂಟ ಹೋದೀತು, ನಾಲ್ಕು ಗಂಟೆಯಲ್ಲಿ ಹತ್ತು ನಿಮಿಷ ಉಳಿದೀತು. ಅಳೆಯದೆ ಕಾರ್ಯಾಗಾರಕ್ಕೆ ಕೂತರೆ ಎಲ್ಲರ ಕಣ್ಣಿಗೂ ಬೀಳುವುದು ಕಣ್ಣೆದುರು ಕೆಲಸ ಮಾಡುತ್ತಿರುವವರು. ಅಲ್ಲಿಂದಲೇ ಅನ್ಯಾಯ ಶುರುವಾಗುತ್ತದೆ.

ಕಾಯುವುದು ಯಾಕೆ ಎಂದರೆ, ಅರ್ಧ ಕಾರಣ ನಿಮ್ಮ ಗೇಟಿನ ಹೊರಗಿದೆ. ಸಣ್ಣ ವ್ಯಾಪಾರಿಗಳು ಬೆಳಿಗ್ಗೆ ತೋಟ ತೋಟ ಸುತ್ತಿ ಕಾಫಿ ತುಂಬಿಸಿಕೊಂಡು ಮಧ್ಯಾಹ್ನದ ಮೇಲೆ ಬರುತ್ತಾರೆ. ಮೋಡ ಕವಿದು ಕಣದಲ್ಲಿ ಕಾಫಿ ಒಣಗದಿದ್ದರೆ ಯಾರೂ ಬರುವುದಿಲ್ಲ, ಬಿಸಿಲು ಬಿದ್ದ ಎರಡು ದಿನಕ್ಕೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ರೇಟು ಏರಿದ ದಿನ ಕೇಳುವುದೇ ಬೇಡ. ಹೀಗೆ ಏರಿಳಿತ ಇರುವ ಕಡೆ ತೂಕದ ಸೇತುವೆಯನ್ನೋ (ಗಾಡಿ ಸಮೇತ ತೂಗುವ ವೇಬ್ರಿಜ್) ಸ್ಯಾಂಪಲ್ ಮೇಜನ್ನೋ ಪೂರ್ತಿ ಹೊತ್ತು ದುಡಿಸಿಕೊಳ್ಳುತ್ತೇವೆ ಅಂದರೆ ಸರದಿ ಬೆಳೆಯುತ್ತಲೇ ಹೋಗುತ್ತದೆ. ಸರದಿಯ ಗಣಿತದ ಅತ್ಯಂತ ಸರಳ ಮಾದರಿಯಲ್ಲೇ, ಒಂದು ಜಾಗ ಶೇ 80ರಷ್ಟು ಹೊತ್ತು ದುಡಿಯುತ್ತಿದ್ದರೆ ಅಲ್ಲಿ ಸರಾಸರಿ 4 ಗಾಡಿ ಇರುತ್ತವೆ, ಶೇ 90ಕ್ಕೆ ಏರಿದರೆ 9. ಸ್ಯಾಂಪಲ್ ಮೇಜಿನವನು ಸ್ವಲ್ಪ ಹೊತ್ತು ಸುಮ್ಮನೆ ಕೂತಂತೆ ಕಂಡರೆ ಅದು ಸೋಮಾರಿತನ ಅಲ್ಲ, ಮುಂದಿನ ನೂಕುನುಗ್ಗಲನ್ನು ನುಂಗುವ ಜಾಗ ಎಂದು ಮಾಲೀಕರ ಮಗನಿಗೆ ಮನದಟ್ಟಾದರೆ ಅರ್ಧ ಕೆಲಸ ಆದಂತೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಗಾಡಿ ಬೇಗ ಹೋಗಲಿ ಎಂದು ಸ್ಯಾಂಪಲ್‌ನಲ್ಲಿ ಕೈಬಿಡಬೇಡಿ. ಹೊರಗಿನ ಸಲಹೆಗಾರರ ಕಣ್ಣಿಗೆ ಅದು 'ಮೌಲ್ಯ ಸೇರಿಸದ ಹಂತ' ಅಂತ ಕಾಣಬಹುದು. ಕೊಡಗಿನಲ್ಲಿ 50 ಕೆಜಿ ಚೆರಿ (ಒಣಗಿದ ಕಾಫಿ ಹಣ್ಣು) ಮೂಟೆಯ ಬೆಲೆ ನಿಲ್ಲುವುದೇ ಔಟ್‌ಟರ್ನ್ ಮೇಲೆ. ಒಂದು ಮೂಟೆಯಿಂದ 26 ಕೆಜಿ ಬೀಜ ಬರುತ್ತದೋ 28 ಬರುತ್ತದೋ ಎಂಬುದರಲ್ಲಿ ಒಂದು ಸಂಸಾರದ ವರ್ಷದ ಲೆಕ್ಕ ಇರುತ್ತದೆ. ಮೇಲಿನ ಎರಡು ಮೂಟೆಗೆ ಮಾತ್ರ ಬಂಬು (ಸ್ಯಾಂಪಲ್ ತೆಗೆಯುವ ಕೊಳವೆ) ಚುಚ್ಚಿ ಮುಗಿಸಿದರೆ ಇವತ್ತು ಅರ್ಧ ಗಂಟೆ ಉಳಿಯುತ್ತದೆ, ನಾಳೆ ಜಗಳಕ್ಕೆ ಮೂರು ದಿನ ಹೋಗುತ್ತದೆ. ತೇವಾಂಶವೂ ಹಾಗೆಯೇ. ರೋಬಸ್ಟಾ ಚೆರಿ ಶೇ 11ರ ಮಟ್ಟಕ್ಕೆ ಒಣಗದೆ ಗೋದಾಮು ಸೇರಿದರೆ ಬೂಷ್ಟು ಹಿಡಿಯುತ್ತದೆ, ಓಕ್ರಾಟಾಕ್ಸಿನ್ ಎಂಬ ವಿಷ ಸೇರುವ ಅಪಾಯವೂ ಇದೆ. ಅಂಥ ಸರಕನ್ನು ಯುರೋಪಿನ ಕೊಳ್ಳುವವರು ವಾಪಸ್ ಕಳಿಸುತ್ತಾರೆ. ಯಾವ ಹಂತವನ್ನೇ ತೆಗೆಯುವ ಮುಂಚೆ ಅದನ್ನು ಯಾರು, ಯಾವ ಜಗಳದ ನಂತರ ಶುರು ಮಾಡಿದರು ಎಂದು ಕೇಳಿ. ಹಳೆಯ ರೈಟರ್‌ಗಳಿಗೆ ಅದು ಗೊತ್ತಿರುತ್ತದೆ.

ಇನ್ನು ಏನು ಮಾಡಬಹುದು ಎನ್ನುವುದಕ್ಕೆ ಬರೋಣ.

ಮಾಲೀಕರ ಮಗ ಹೇಳುವ ಐದು ದಿನದ ಪೂರ್ತಿ ಕಾರ್ಯಾಗಾರಕ್ಕೆ ಒಂದು ಗುಣ ಇದೆ. ಬೇರೆ ಕೆಲಸದ ಎಳೆದಾಟ ಇರುವುದಿಲ್ಲ, ಸೋಮವಾರ ನೋಡಿದ್ದನ್ನು ಬುಧವಾರ ಬದಲಿಸಿ ಗುರುವಾರ ಪರೀಕ್ಷಿಸಬಹುದು. ತೊಡಕು ಎಂದರೆ ಅಕ್ಟೋಬರ್. ಆಗ ನಿಮ್ಮ ಅಂಗಳದಲ್ಲಿ ಗಾಡಿಗಳೇ ಇರುವುದಿಲ್ಲ. ಇಲ್ಲದ ಸರದಿಯನ್ನು ಎಲ್ಲರೂ ಊಹಿಸಿಕೊಂಡು ಮಾತಾಡುತ್ತಾರೆ, ಮಾತಾಡಿ ಸಾಕಾದಾಗ ಗೆರೆ ಎಳೆಯಲು ಹೊರಡುತ್ತಾರೆ. ಎರಡು ವರ್ಷದ ಹಿಂದೆ ಆದದ್ದೂ ಹೆಚ್ಚುಕಡಿಮೆ ಇದೇ ಇರಬೇಕು. ಗೆರೆಯ ತಪ್ಪಲ್ಲ ಅದು. ಮೂಟೆ ಎಲ್ಲಿಡಬೇಕೆಂದು ಗೆರೆ ಹೇಳುತ್ತದೆ, ಫೆಬ್ರವರಿಯಲ್ಲಿ ಹೆಚ್ಚುವರಿ ಬಂದ ಮೂಟೆ ಎಲ್ಲಿಗೆ ಹೋಗಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ.

ಸೀಸನ್‌ನಲ್ಲೇ, ವಾರಕ್ಕೊಮ್ಮೆ ಬೆಳಿಗ್ಗೆ ಎರಡು ಗಂಟೆ ಐದಾರು ಜನ ಸೇರಿ ಒಂದೇ ಒಂದು ಜಾಗ ಸರಿಪಡಿಸುವುದು ಇನ್ನೊಂದು ದಾರಿ. ಖರ್ಚು ಕಡಿಮೆ, ಕಣ್ಣೆದುರೇ ಫಲಿತಾಂಶ. ಆದರೆ ಗಾಡಿ ಬಂದು ಹಾರ್ನ್ ಹೊಡೆದರೆ ಎಲ್ಲರೂ ಎದ್ದು ಓಡುತ್ತಾರೆ. ಮೂರನೇ ವಾರಕ್ಕೆ ನಿಂತುಹೋಗುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಮಾಲೀಕರು ಆ ಎರಡು ಗಂಟೆ ಗೇಟು ಮುಚ್ಚಿಸುವ ಗಟ್ಟಿತನ ತೋರಿಸಿದರೆ ಮಾತ್ರ ಇದು ನಡೆಯುತ್ತದೆ.

ನಿಮ್ಮ ಜಾಗದಲ್ಲಿದ್ದರೆ ನಾನು ಎರಡನ್ನೂ ಸೇರಿಸಿ ಮಾಡುತ್ತಿದ್ದೆ. ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಕಳೆದ ಮೇಲೆ ಎರಡು ದಿನ, ಗೇಟಿನಿಂದ ಇಳಿಸುವ ಜಾಗದವರೆಗೆ ಮಾತ್ರ. ಸಿಪ್ಪೆ ಸುಲಿಯುವ ಹಲ್ಲರ್, ಬೀಜ ವಿಂಗಡಿಸುವ ಗ್ರೇಡರ್, ಗಾರ್ಬ್ಲಿಂಗ್ ಯಾವುದನ್ನೂ ಮುಟ್ಟುವುದಿಲ್ಲ, ಆದ್ದರಿಂದ ಮಿಲ್ ನಿಲ್ಲಿಸುವ ಅಗತ್ಯವೂ ಇಲ್ಲ. ಮೊದಲ ದಿನ ಹಳೆಯ ದಾಖಲೆ ನೋಡಿ, ಜಾಗದಲ್ಲಿ ನಡೆದು ನೋಡುವುದು. ಎರಡನೇ ದಿನ ಪರಿಚಯದ ವ್ಯಾಪಾರಿಗಳಿಗೆ ಬಾಡಿಗೆ ಕೊಟ್ಟು ಐದಾರು ಪಿಕಪ್‌ಗಳನ್ನು ಒಂದೇ ಹೊತ್ತಿಗೆ ಒಳಗೆ ಬಿಡಿಸಿ ಹೊಸ ಕ್ರಮ ಪರೀಕ್ಷಿಸುವುದು. ಕಾಗದದ ಮೇಲೆ ಚೆನ್ನಾಗಿದ್ದದ್ದು ಪಿಕಪ್ ರಿವರ್ಸ್ ಹಾಕುವಾಗ ಕೆಟ್ಟುಹೋಗುತ್ತದೆ, ಅದು ಅಕ್ಟೋಬರ್‌ನಲ್ಲೇ ಗೊತ್ತಾಗಲಿ. ಆಮೇಲೆ ಅರೇಬಿಕಾ ಬರುವ ಡಿಸೆಂಬರ್‌ನಲ್ಲಿ, ಹುತ್ತರಿ ಕಳೆದು, ಅರ್ಧ ದಿನ ಕೂತು ತಿದ್ದುವುದು. ರೋಬಸ್ಟಾ ಭರ ಶುರುವಾಗುವ ಜನವರಿ ಕೊನೆಯಲ್ಲಿ ಇನ್ನರ್ಧ ದಿನ. ಅಪಾಯ ಒಂದೇ: ಈ ಕೊನೆಯ ಎರಡು ಅರ್ಧ ದಿನಗಳನ್ನು ಎಲ್ಲರೂ ಮರೆಯುತ್ತಾರೆ. ಆ ದಿನಾಂಕಗಳನ್ನು ಅಕ್ಟೋಬರ್‌ನಲ್ಲೇ ಗೇಟಿನ ಕಾಗದದಲ್ಲಿ, ಮಾಲೀಕರ ಸಹಿಯ ಮೇಲೆಯೇ ಬರೆಸಿ.

ಯಾರು ಕೂರಬೇಕು? ಏಳೆಂಟು ಜನ ಸಾಕು. ನೀವು, ತೂಕದವರು, ಸ್ಯಾಂಪಲ್‌ನವರು, ಲೋಡಿಂಗ್‌ನವರಲ್ಲಿ ಇಬ್ಬರು, ಆಫೀಸಿನಲ್ಲಿ ಚೀಟಿ ಬರೆಯುವವರು. ಇವರ ಜೊತೆ ಒಬ್ಬ ಪಿಕಪ್ ಡ್ರೈವರ್ ಮತ್ತು ಒಬ್ಬ ಸಣ್ಣ ಬೆಳೆಗಾರ ಖಂಡಿತ ಇರಲಿ. ಅವರು ಒಳಗೆ ಕೂತರೆ, ಮಧ್ಯಾಹ್ನ ಬರುವ ಹತ್ತು ಗಾಡಿಯಲ್ಲಿ ನಾಲ್ಕನ್ನು ಬೆಳಿಗ್ಗೆ ಎಂಟಕ್ಕೆ ತರಿಸುವುದು ಹೇಗೆಂದು ನೀವು ಊಹಿಸಬೇಕಾಗಿಲ್ಲ, ಅವರೇ ಹೇಳುತ್ತಾರೆ. ಹಿಂದಿನ ದಿನ ಫೋನ್ ಮಾಡಿದವರಿಗೆ ಬೆಳಿಗ್ಗೆ ಮೊದಲ ಸರದಿ ಎಂಬಷ್ಟು ಸಣ್ಣ ಏರ್ಪಾಡೇ ದೊಡ್ಡ ವ್ಯತ್ಯಾಸ ಮಾಡಬಹುದು. ಮಾಲೀಕರೋ ಮಗನೋ, ಯಾರು ಹೌದು ಅನ್ನಬಲ್ಲರೋ ಅವರು ಎರಡೂ ದಿನ ಪೂರ್ತಿ ಇರಬೇಕು. ಎಲ್ಲರಿಗಿಂತ ಕೊನೆಗೆ ಮಾತಾಡಬೇಕು.

ಕೂಲಿಯ ವಿಷಯದಲ್ಲಿ ಸಾಮಾನ್ಯವಾಗಿ ತಪ್ಪು ನಡೆಯುತ್ತದೆ. ಲೋಡಿಂಗ್‌ನವರಿಗೆ ಮೂಟೆ ಲೆಕ್ಕದಲ್ಲಿ ದುಡ್ಡು. ಕಾರ್ಯಾಗಾರದಲ್ಲಿ ಕೂತ ಹೊತ್ತಿಗೆ ಅವರಿಗೆ ಮೂಟೆಯೂ ಇಲ್ಲ, ದುಡ್ಡೂ ಇಲ್ಲ. ಟೀ ಬಿಸ್ಕೆಟ್ ಕೊಟ್ಟು ಕಳಿಸಿದರೆ ಮುಂದಿನ ಸಲ ಯಾಕೆ ಬರುತ್ತಾರೆ? ಹಿಂದಿನ ಕೆಲವು ವಾರಗಳ ಸರಾಸರಿ ನೋಡಿ, ಅಷ್ಟನ್ನು ಆ ಎರಡು ದಿನಕ್ಕೂ ಕೊಡಿ. ಸಲಹೆಗಾರರ ಫೀಸಿನ ಮುಂದೆ ಇದು ಏನೂ ಅಲ್ಲ.

ಭಾಷೆಯನ್ನೂ ಮರೆಯಬೇಡಿ. ನಿಮ್ಮ ಅಂಗಳದಲ್ಲಿ ಕನ್ನಡ, ಕೊಡವ, ಮಲಯಾಳಂ, ತಮಿಳು ಎಲ್ಲ ಇರುತ್ತದೆ, ಈಚೆಗೆ ಅಸ್ಸಾಮಿನಿಂದ ಬಂದ ಹುಡುಗರೂ ಇದ್ದಾರೆ. ಬಣ್ಣಬಣ್ಣದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಅಂಟಿಸುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಬರೆಯಲು ಬಾರದವರ ಬಾಯಿ ಅಲ್ಲಿಗೆ ಮುಚ್ಚುತ್ತದೆ. ಕೂರುವುದನ್ನೇ ಬಿಟ್ಟು ಗೇಟಿನಿಂದ ಗೋದಾಮಿನವರೆಗೆ ಗಾಡಿ ಹೋದ ದಾರಿಯಲ್ಲೇ ನಡೆಯಿರಿ. ಪ್ರತಿ ನಿಲುಗಡೆಯಲ್ಲಿ 'ಇಲ್ಲಿ ಯಾಕೆ ನಿಂತಿತು?' ಎಂಬ ಒಂದೇ ಪ್ರಶ್ನೆ ಕೇಳಿ. ಕೈ ತೋರಿಸಿ ಹೇಳುವ ಉತ್ತರಕ್ಕೆ ವ್ಯಾಕರಣ ಬೇಡ.

ಹೊರಗಿನ ಸಲಹೆಗಾರರು ಬೇಕೇ ಬೇಡವೇ ಎಂದರೆ, ಮಾಲೀಕರ ಎದುರು ಜನ ಬಾಯಿ ಬಿಡುವುದಿಲ್ಲ ಅನ್ನುವಷ್ಟು ಬಿಗಿ ಇದ್ದರೆ ಒಬ್ಬ ಹೊರಗಿನವರು ನಡುವೆ ಇರುವುದು ಒಳ್ಳೆಯದು. ಮುಂಚೆಯೇ ಅವರಿಗೆ ಕೇಳಬೇಕಾದದ್ದು ಒಂದು: ಜನವರಿಯ ಅರ್ಧ ದಿನಕ್ಕೆ ಮತ್ತೆ ಬರುತ್ತೀರಾ? ಇಲ್ಲ ಅಂದವರನ್ನು ಬಿಡಿ.

ನೀವು ಒಪ್ಪಬೇಕೇ ಎಂದು ಕೇಳಿದ್ದೀರಿ. ಐದು ದಿನದ ಯೋಜನೆಗೆ ಹೀಗೇ ಹೂಂ ಅನ್ನಬೇಡಿ, ಬರಿಗೈಲಿ ಹೋಗಿ ಬೇಡ ಅನ್ನಲೂ ಬೇಡಿ. ನಿಮ್ಮ ಹತ್ತಿರ ಯಾರ ಬಳಿಯೂ ಇಲ್ಲದ ಒಂದು ಸಾಕ್ಷಿ ಇದೆ. ತೂಕದ ಸೇತುವೆಯ ಚೀಟಿಗಳ ಮೇಲೆ ತುಂಬಿದ ತೂಕದ ಹೊತ್ತು, ಖಾಲಿ ತೂಕದ ಹೊತ್ತು ಎರಡೂ ಇರುತ್ತವೆ. ಹೋದ ಫೆಬ್ರವರಿಯ ಯಾವುದಾದರೂ ಒಂದು ವಾರದ ಕಟ್ಟು ತೆಗೆದು, ಪ್ರತಿ ಗಾಡಿಗೂ ಒಂದರಿಂದ ಇನ್ನೊಂದನ್ನು ಕಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬಂದ ಹೊತ್ತನ್ನು ಗೇಟಿನ ರಿಜಿಸ್ಟರ್‌ನಿಂದ ಪಕ್ಕಕ್ಕೆ ಸೇರಿಸಿ. ಎರಡು ಸಂಜೆಯ ಕೆಲಸ. ಯಾವ ಹೊತ್ತಿಗೆ ಬಂದ ಗಾಡಿ ಎಷ್ಟು ಕಾದಿದೆ, ಕಾದದ್ದು ತೂಕಕ್ಕೆ ಮುಂಚೆಯೋ ಆಮೇಲೋ ಎಂಬುದು ಆ ಪುಟದಲ್ಲೇ ಕಾಣುತ್ತದೆ. ಅದನ್ನು ಹಿಡಿದು ಮಾಲೀಕರನ್ನೂ ಮಗನನ್ನೂ ಒಟ್ಟಿಗೆ ಕೂರಿಸಿ ಮಾತಾಡಿ, ಕೆಲಸ ಹೋಗುವುದಿಲ್ಲ ಎಂಬ ಮಾತನ್ನೂ ಆಗಲೇ ಕೇಳಿ. ಮಳೆಗಾಲದಲ್ಲಿ ಗೋದಾಮು ಶುಚಿ ಮಾಡುವಾಗ ಹಳೆಯ ಚೀಟಿಗಳನ್ನು ರದ್ದಿಗೆ ಹಾಕುವ ಅಭ್ಯಾಸ ನಿಮ್ಮಲ್ಲಿದ್ದರೆ ನಾಳೆಯೇ ಹೋಗಿ ಆ ಕಟ್ಟನ್ನು ಎತ್ತಿಟ್ಟುಕೊಳ್ಳಿ.